ಡರ್ಮಟೋಮ್ ಚಾರ್ಟ್: ಕೆಲ್ಸಕ್ಕೆ ಬರತ್ತೆ, ಆದ್ರೆ ಬಾರ್ಡರ್ ನಂಬ್ಬೇಡಿ

ತುಮಕೂರಲ್ಲೇ ತಗೊಂಡು ನಮ್ಮ ಫಿಸಿಯೋ ಕ್ಲಿನಿಕ್ಕಲ್ಲಿ ನೇತಾಕಿದೀನಿ. ಬೆನ್ನುಹುರಿಯಿಂದ ಹೊರಡೋ ಯಾವ ನರ ಚರ್ಮದ ಯಾವ ಜಾಗಕ್ಕೆ ಹೋಗತ್ತೆ ಅಂತ ಬಣ್ಣ ಬಣ್ಣದಲ್ಲಿ ತೋರ್ಸಿದಾರೆ, ಲ್ಯಾಮಿನೇಶನ್ ಗಟ್ಟಿ. ಅಡಿಕೆ ಮೂಟೆ ಎತ್ತಿ ಸೊಂಟ ಹಿಡ್ಕೊಂಡು ಬರೋರಿಗೆ "ಯಜಮಾನ್ರೇ, ಜೋಮು ಎಲ್ಲಿ, ಇದ್ರಲ್ಲಿ ಬೆರಳಿಟ್ಟು ತೋರ್ಸಿ" ಅಂದ್ರೆ ಸಾಕು, ಕಾಲಿನ ಹೆಬ್ಬೆರಳು, ಪಾದದ ಮೇಲ್ಭಾಗ ಅಂದ್ರೆ ಎಲ್5 (ಸೊಂಟದ ಐದನೇ ನರ), ಕಿರುಬೆರಳ ಕಡೆ ಅಂಚು ಅಂದ್ರೆ ಎಸ್1 (ಅದರ ಕೆಳಗಿನ ನರ) ಇರ್ಬೋದು ಅಂತ ಅಂದಾಜು ಸಿಗತ್ತೆ, ಆಮೇಲೆ ಹತ್ತಿ, ಪಿನ್ ಹಿಡ್ದು ನಿಧಾನಕ್ಕೆ ಚೆಕ್ ಮಾಡೋದು ಇದ್ದೇ ಇದೆ.

ಬೇಜಾರು ಏನಂದ್ರೆ ಬಾರ್ಡರ್‌ಗಳು ಜಮೀನಿಗೆ ಬದು ಹಾಕ್ದಂಗಿವೆ. ನಿಜವಾಗ್ಲೂ ಪಕ್ಕಪಕ್ಕದ ನರಗಳು ಒಂದರ ಜಾಗಕ್ಕೆ ಇನ್ನೊಂದು ನುಗ್ಗಿರತ್ವೆ, ಒಂದೇ ನರದ ಬೇರು (ಬೆನ್ನುಹುರಿಯಿಂದ ಹೊರಡೋ ಬುಡ) ಕೆಟ್ರೆ ಸ್ಪರ್ಶ ಪೂರ್ತಿ ಹೋಗೋದು ಕಮ್ಮಿ. 1900ರಲ್ಲಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಅನ್ನೋ ಡಾಕ್ಟರುಗಳು ಸರ್ಪಸುತ್ತಿನ ಗುಳ್ಳೆ ಎಲ್ಲೆಲ್ಲಿ ಎದ್ದಿದೆ ಅಂತ ನೋಡಿ ನೋಡಿ ಮ್ಯಾಪ್ ಮಾಡಿದ್ರು, 1933ರಲ್ಲಿ ಫೋರ್ಸ್ಟರ್ ನರದ ಬೇರು ಕತ್ತರಿಸಿದ ಕೇಸುಗಳಿಂದ, 1948ರಲ್ಲಿ ಕೀಗನ್, ಗ್ಯಾರೆಟ್ ಡಿಸ್ಕ್ ಪೇಷಂಟ್‌ಗಳಿಂದ, ಎಲ್ಲಾ ಒಂದೇ ಥರ ಇಲ್ಲ ಕಣ್ರೀ! ಇದ್ರಲ್ಲಿ ಯಾರದ್ದು ಹಾಕಿದಾರೆ ಅಂತ ಒಂದು ಗೆರೆನೂ ಬರ್ದಿಲ್ಲ. ಕಾಲಿನ ಪಟ್ಟೆಗಳು ಸೊಂಟದಿಂದ ಬೆರಳ ತನಕ ಬಿಡದೆ ಇಳಿದಿರೋದು ನೋಡಿದ್ರೆ ಕೀಗನ್‌ದೇ ಇರ್ಬೇಕು. ಸ್ಟೂಡೆಂಟ್ಸ್ ಧಾರಾಳವಾಗಿ ತಗೊಳ್ಳಿ, ನನ್ ಕಡೆಯಿಂದ ಮೂರೂವರೆ ಸ್ಟಾರ್.