ಸೀವಾದಲ್ಲಿ ಉಪ್ಪಿನ ಗೋಡೆಯ ಕೋಣೆ

ಈಜಿಪ್ಟಿನ ಸೀವಾ ಓಯಸಿಸ್‌ನಲ್ಲಿ, ಶಾಲಿ ಕೋಟೆಯ ಹತ್ತಿರದ ಒಂದು ಸಣ್ಣ ಗೆಸ್ಟ್‌ಹೌಸ್‌ನಲ್ಲಿ ಮೂರು ರಾತ್ರಿ ಉಳಿದಿದ್ದೆ. ಲಿಬಿಯಾ ಗಡಿ ಅಲ್ಲಿಂದ ಸುಮಾರು 50 ಕಿ.ಮೀ. ಅಷ್ಟೇ. ಕರಾವಳಿಯ ಊರು ಮರ್ಸಾ ಮತ್ರೂಹ್‌ನಿಂದ ಬಸ್ಸಿನಲ್ಲಿ ಸುಮಾರು 300 ಕಿ.ಮೀ., ದಾರಿಯುದ್ದಕ್ಕೂ ಬರೀ ಬಯಲು. ಆಮೇಲೆ ಇದ್ದಕ್ಕಿದ್ದಂತೆ ಖರ್ಜೂರದ ತೋಟ!

ಕೋಣೆಯೇ ಇಲ್ಲಿನ ವಿಶೇಷ. ಗೋಡೆ ಕಟ್ಟಿರುವುದು ಕೆರ್ಶೆಫ್‌ನಿಂದ, ಅಂದರೆ ಉಪ್ಪಿನ ಗಟ್ಟಿ ಮತ್ತು ಮಣ್ಣು. ರಾತ್ರಿ ದೀಪ ಹಚ್ಚಿದರೆ ಹರಳುಗಳು ಮಿನುಗುತ್ತವೆ. ಬೆರಳಿನಿಂದ ಉಜ್ಜಿ ಸುಮ್ನೆ ನಾಲಿಗೆಗೆ ತಾಗಿಸಿದೆ. ಉಪ್ಪೇ, ಅನುಮಾನ ಬೇಡ. ಹೊರಗೆ ಧಗೆ, ಒಳಗೆ ತಂಪು. ಮಳೆಗೆ ಮಾತ್ರ ಇದು ತಡೆಯುವುದಿಲ್ಲ. 1926ರಲ್ಲಿ ಮೂರು ದಿನ ಸುರಿದ ಮಳೆಗೆ ಶಾಲಿ ಕೋಟೆಯ ಮನೆಗಳೇ ಕರಗಿ ಕುಸಿದವಂತೆ.

ಕೆಲಸದ ಹುಡುಗರು ನನ್ನ ಜೊತೆ ಅರಬಿ ಬೆರೆಸಿದ ಇಂಗ್ಲಿಷ್ ಮಾತಾಡುತ್ತಿದ್ದರು, ತಮ್ಮತಮ್ಮಲ್ಲಿ ಸೀವಿ. ಅದು ಉತ್ತರ ಆಫ್ರಿಕಾದ ಬರ್ಬರ್ ಭಾಷೆಗಳಲ್ಲೊಂದು, ಅರಬಿಗಿಂತ ಬೇರೆಯೇ. ಒಬ್ಬ ನನಗೆ ಒಂದರಿಂದ ಐದರವರೆಗೆ ಎಣಿಸಲು ಕಲಿಸಿದ. ಮೂರಕ್ಕೇ ನನ್ನ ನಾಲಿಗೆ ಹೊರಳಲಿಲ್ಲ, ಅವನಿಗೆ ನಗು ತಡೆಯಲಾಗಲಿಲ್ಲ.

ತಿಂಡಿಗೆ ರೊಟ್ಟಿ, ಆಲಿವ್, ಖರ್ಜೂರ. ಆಲಿವ್ ಎಣ್ಣೆ ಎಷ್ಟು ಘಮ ಅಂದರೆ ಎರಡು ಬಾಟಲಿ ಕಟ್ಟಿಸಿಕೊಂಡೆ.

ಬೇಜಾರಾಗಿದ್ದು ಎರಡು. ನಲ್ಲಿ ನೀರು ಉಪ್ಪುಪ್ಪು, ಸೋಪಿಗೆ ನೊರೆಯೇ ಬರುವುದಿಲ್ಲ. ಇನ್ನೊಂದು, ಅವರು ಗೊತ್ತುಮಾಡಿಕೊಟ್ಟ ಜೀಪಿನವನು ಮರಳುದಿಬ್ಬದ ಮಧ್ಯೆ ನಿಲ್ಲಿಸಿ ಜಾಸ್ತಿ ದುಡ್ಡು ಕೇಳಿದ. ಅಲ್ಲಿ ಚೌಕಾಸಿ ಮಾಡೋದು ಹೇಗೆ, ನಡೆದು ವಾಪಸ್ ಬರೋಕಾಗುತ್ತಾ? ಹೊರಡುವ ಮೊದಲೇ ಎಷ್ಟು ಅಂತ ಬರೆಸಿಕೊಳ್ಳಿ.