370 ಗ್ರಾಂನ ಸ್ಕೀ ಬೈಂಡಿಂಗ್: ನಾಲ್ಕು ಚಳಿಗಾಲ ಬಳಸಿದ ಮೇಲೆ

ಪಾರ್ಸಲ್ ಬಿಚ್ಚಿದ ದಿನ ನಾನು ಮೊದಲು ಹೋಗಿದ್ದು ಬಳ್ಳಾರಿಯ ಬ್ರೂಸ್‌ಪೇಟೆಯ ಪರಿಚಯದ ಚಿನ್ನದಂಗಡಿಗೆ. ಎರಡೂ ಬೈಂಡಿಂಗ್‌ಗಳನ್ನು ಒಂದೊಂದಾಗಿ ತಕ್ಕಡಿ ಮೇಲೆ ಇಡಿಸಿದೆ. ಒಂದೊಂದೂ 370 ಗ್ರಾಂ ಆಸುಪಾಸು. ಕಂಪನಿ ಹೇಳಿದ ತೂಕವೇ ಬಂತು. ಅಂಗಡಿಯವರು ತಿರುಗಿಸಿ ನೋಡಿ "ಏನ್ರೀ ಇದು, ಇಲಿ ಬೋನಾ?" ಎಂದು ಕೇಳಿದರು. ಬೂಟನ್ನು ಸ್ಪ್ರಿಂಗ್‌ನಿಂದ ಸ್ಕೀಗೆ ಗಪ್ಪನೆ ಹಿಡಿದಿಡುವುದೇ ಇದರ ಕೆಲಸ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

ಕೌಲ್ ಬಜಾರ್‌ನಲ್ಲಿ ನನ್ನದು ಹೊಲಿಗೆ ಮೆಷಿನ್ ರಿಪೇರಿ ಅಂಗಡಿ. ಜೀನ್ಸ್ ಹೊಲಿಯುವ ದೊಡ್ಡ ಮೆಷಿನ್‌ಗಳೇ ಜಾಸ್ತಿ ಬರುತ್ತವೆ. ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಹತ್ತು ದಿನ ಬಾಗಿಲು ಹಾಕಿ ಗುಲ್ಮಾರ್ಗ್‌ಗೆ ಹೋಗುತ್ತೇನೆ. ಅಲ್ಲೇ ಬೇಸಿಕ್ ಕೋರ್ಸ್ ಮಾಡಿದ್ದು. ಕೇಬಲ್ ಕಾರ್ ಹತ್ತಿ ಜಾರಿ ಬರುವುದಕ್ಕಿಂತ ಸ್ಕೀ ತಳಕ್ಕೆ ಸ್ಕಿನ್ (ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ) ಅಂಟಿಸಿಕೊಂಡು, ಕಾಡಿನೊಳಗೆ ನಡೆದೇ ಹತ್ತಿ, ಆಮೇಲೆ ಇಳಿಯುವುದು ನನಗೆ ಇಷ್ಟ. ಹತ್ತುವಾಗ ಮರದಿಂದ ಹಿಮ ಉದುರುವ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ವರ್ಷವೆಲ್ಲ ಮೆಷಿನ್ ಸದ್ದಿನಲ್ಲಿ ಇರುವವನಿಗೆ ಅದು ಎಷ್ಟು ದೊಡ್ಡದು ಅಂತ ಹೇಳಿ ಮುಗಿಸಲಾರೆ.

ಮೊದಲ ಎರಡು ವರ್ಷ ಬಾಡಿಗೆಗೆ ಸಿಕ್ಕಿದ್ದು ಫ್ರೇಮ್ ಬೈಂಡಿಂಗ್. ಒಂದೊಂದೂ ಒಂದು ಕಿಲೋ ಮೇಲೆ. ತೂಕಕ್ಕಿಂತಲೂ ಅದು ಕೆಲಸ ಮಾಡುವ ರೀತಿಯೇ ಕಷ್ಟ. ಬೂಟಿನ ಅಡಿಗೆ ಉದ್ದ ಪಟ್ಟಿ ಇರುತ್ತದೆ. ಹಿಮ್ಮಡಿ ಎತ್ತಿದಾಗಲೆಲ್ಲ ಆ ಪಟ್ಟಿಯೂ, ಹಿಂದಿನ ಭಾಗವೂ ಕಾಲಿನ ಜೊತೆ ಮೇಲೇಳುತ್ತವೆ. ಒಂದು ಹೆಜ್ಜೆಗೆ 15 ಸೆಂಟಿಮೀಟರ್ ಏರಿದರೂ 800 ಮೀಟರ್ ಎತ್ತರಕ್ಕೆ 5,300 ಹೆಜ್ಜೆ ಬೇಕು. ಅಷ್ಟೂ ಸಲ ಆ ಕಬ್ಬಿಣವನ್ನು ಎತ್ತಬೇಕು.

ಪಿನ್ ಬೈಂಡಿಂಗ್‌ನಲ್ಲಿ ಹಾಗಿಲ್ಲ. ಮುಂದೆ ಎರಡು ಚಿಕ್ಕ ಪಿನ್ ಬೂಟಿನ ಮೂತಿಯನ್ನು ಎರಡೂ ಕಡೆಯಿಂದ ಹಿಡಿಯುತ್ತವೆ, ಬಾಗಿಲಿನ ಕೀಲಿನ ಹಾಗೆ. ಹಿಂದಿನ ಭಾಗ ಸ್ಕೀ ಮೇಲೆಯೇ ಕೂತಿರುತ್ತದೆ. ಮೇಲೇಳುವುದು ಬೂಟು ಮಾತ್ರ. ಇಳಿಯುವಾಗ ಹಿಂದಿನ ಗೂಡನ್ನು ತಿರುಗಿಸಿ, ಹಿಮ್ಮಡಿ ಒತ್ತಿದರೆ ಅಲ್ಲಿಯ ಎರಡು ಪಿನ್‌ಗಳೂ ಕಚ್ಚಿಕೊಳ್ಳುತ್ತವೆ. ಆಸ್ಟ್ರಿಯಾದ ಫ್ರಿಟ್ಜ್ ಬಾರ್ಟೆಲ್ ಇದನ್ನು 1980ರ ದಶಕದಲ್ಲಿ ಮಾಡಿದರು. ಇಂದಿಗೂ ಹೆಚ್ಚುಕಡಿಮೆ ಎಲ್ಲ ಹಗುರ ಬೈಂಡಿಂಗ್‌ಗಳೂ ಅದೇ ದಾರಿಯಲ್ಲಿವೆ. ನನ್ನದು ಡೈನಾಫಿಟ್ ಸ್ಪೀಡ್ ಟರ್ನ್. ಜರ್ಮನಿಯಲ್ಲಿರುವ ಅಕ್ಕನ ಮಗ ಕಳಿಸಿದ. ಅಂಗಡಿಯ ಹುಡುಗ ಅದನ್ನು ಒತ್ತಿ ನೋಡಿ "ಅಣ್ಣಾ, ಇದ್ರಾಗ ಕೆಡೋಕೆ ಏನೂ ಇಲ್ಲಲ್ಲ" ಎಂದ. ಮೆಷಿನ್ ಕೆಲಸದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಭಾಗ ಕಡಿಮೆ ಇದ್ದಷ್ಟೂ ಬೆಟ್ಟದ ಮೇಲೆ ತಲೆನೋವು ಕಡಿಮೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿದ್ದೆ. ಬಿಸಿಲೇರುವ ಮುಂಚೆ ಬಳ್ಳಾರಿ ಗುಡ್ಡದ ಕೋಟೆ ಹತ್ತುವುದು ನನ್ನ ರೂಢಿ. ಒಂದು ವಾರ ಎರಡೂ ಶೂಗಳಿಗೆ 700 ಗ್ರಾಂ ಮರಳಿನ ಚೀಲ ಕಟ್ಟಿಕೊಂಡು ಹತ್ತಿದೆ. ಮುಂದಿನ ವಾರ ಅದೇ ಮರಳನ್ನು ಬೆನ್ನಿನ ಚೀಲಕ್ಕೆ ಹಾಕಿದೆ. ಬೆನ್ನಲ್ಲಿದ್ದಾಗ ಇದೆಯೋ ಇಲ್ಲವೋ ಅನಿಸಿತು. ಕಾಲಿಗೆ ಕಟ್ಟಿದ ವಾರ ತೊಡೆಸಂದು ಹಿಡಿದುಕೊಂಡು ಅಂಗಡಿಯಲ್ಲಿ ನಿಂತು ಕೆಲಸ ಮಾಡುವುದೇ ಕಷ್ಟವಾಯಿತು. ನಾವು ಸಮುದ್ರಮಟ್ಟಕ್ಕಿಂತ 500 ಮೀಟರ್‌ಗೂ ಕಡಿಮೆ ಎತ್ತರದಲ್ಲಿ ಬದುಕುವವರು. ಗುಲ್ಮಾರ್ಗ್ ಊರೇ ಸುಮಾರು 2,650 ಮೀಟರ್ ಮೇಲಿದೆ. ಅಲ್ಲಿ ಮೊದಲ ಎರಡು ದಿನ ಉಸಿರು ಸಾಲುವುದಿಲ್ಲ. ಅಂಥಲ್ಲಿ ಕಾಲಿನ ತೂಕ ಇಳಿಸಿದರೆ ಸಿಗುವ ಲಾಭ ಸಣ್ಣದಲ್ಲ. ಬಾಡಿಗೆ ಸ್ಕೀಯಲ್ಲಿ ಕೇಬಲ್ ಕಾರ್‌ನ ಮಧ್ಯದ ನಿಲ್ದಾಣ ಕಾಂಗ್‌ಡೂರಿ ಮುಟ್ಟಿ ಸುಸ್ತಾಗಿ ವಾಪಸ್ ಬರುತ್ತಿದ್ದವನು ಈಗ ಅದನ್ನು ದಾಟಿ ಮೇಲೆ ಹೋಗುತ್ತೇನೆ.

ಇನ್ನು ಹಗುರತನಕ್ಕೆ ಏನು ಬಿಟ್ಟುಕೊಡಬೇಕು ಅನ್ನುವುದು. ಇದನ್ನು ಸರಿಯಾಗಿ ತಿಳಿಯದೆ ದುಡ್ಡು ಹಾಕಬೇಡಿ.

ಇದರಲ್ಲಿ ಬ್ರೇಕ್ ಇಲ್ಲ. ಬೂಟು ಕಳಚಿದರೆ ಸ್ಕೀ ನಿಲ್ಲುವುದಿಲ್ಲ, ಇಳಿಜಾರಲ್ಲಿ ಹೋಗಿಬಿಡುತ್ತದೆ. ಅದಕ್ಕೆ ಸ್ಕೀಯಿಂದ ಬೂಟಿಗೆ ಲೀಶ್, ಅಂದರೆ ಒಂದು ಪಟ್ಟಿ, ಕಟ್ಟಬೇಕು. ನನ್ನದನ್ನು ಪಕ್ಕದ ಜೀನ್ಸ್ ಯೂನಿಟ್‌ನ ಟೈಲರ್ ಹೊಲಿದುಕೊಟ್ಟರು. ಜೋರಾಗಿ ಎಳೆದರೆ ಕಿತ್ತುಹೋಗುವ ಹಾಗೆ ಮಧ್ಯೆ ಒಂದು ಕಡೆ ಬೇಕಂತಲೇ ತೆಳು ದಾರ ಹಾಕಿಸಿದ್ದೇನೆ. ಹಿಮಕುಸಿತದಲ್ಲಿ ಸಿಕ್ಕಿದರೆ ಕಾಲಿಗೆ ಕಟ್ಟಿದ ಸ್ಕೀ ಮನುಷ್ಯನನ್ನೇ ಒಳಕ್ಕೆ ಎಳೆಯುತ್ತದೆ, ಅಲ್ವಾ? ಅದಕ್ಕೇ ಹಾಗೆ.

ಎರಡನೆಯದು ಮುಂದಿನ ಲಿವರ್. ಹತ್ತುವಾಗ ಅದನ್ನು ಮೇಲಕ್ಕೆ ಎಳೆದು ಲಾಕ್ ಮಾಡುತ್ತೇವೆ. ಇಳಿಯುವಾಗ ಲಾಕ್ ತೆಗೆಯಲೇಬೇಕು. ಮರೆತರೆ, ಬಿದ್ದು ಕಾಲು ತಿರುಚಿದಾಗ ಬೂಟು ಬಿಟ್ಟುಕೊಳ್ಳುವುದಿಲ್ಲ. ಮೊಣಕಾಲು ಹೋಗುತ್ತದೆ. ಬಿಡುಗಡೆಯ ಅಂಕವನ್ನು, ಅಂದರೆ ಎಷ್ಟು ಬಲ ಬಿದ್ದರೆ ಬೂಟು ಕಳಚಬೇಕು ಅನ್ನುವುದನ್ನು, 4ರಿಂದ 10ರವರೆಗೆ ಇಟ್ಟುಕೊಳ್ಳಬಹುದು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಜೋರಾಗಿ ಇಳಿಯುತ್ತೀರಿ, ಇಷ್ಟನ್ನೂ ನೋಡಿ ಅಂಕ ಇಡಬೇಕು. ಗೆಳೆಯನ ಅಂಕ ನೋಡಿ ಸುಮ್ನೆ ಅಷ್ಟಕ್ಕೇ ತಿರುಗಿಸಬೇಡಿ.

ಮೂರನೆಯದು ಹಿಮ. ಮುಂದಿನ ಸ್ಪ್ರಿಂಗ್‌ಗಳ ಅಡಿಗೆ ಹಿಮ ಸೇರಿ ಗಟ್ಟಿಯಾದರೆ ಪಿನ್‌ಗಳು ಪೂರ್ತಿ ಮುಚ್ಚುವುದಿಲ್ಲ. ಟಕ್ ಅಂತ ಸದ್ದು ಮಾತ್ರ ಬರುತ್ತದೆ. ಎರಡನೇ ವರ್ಷ ನಾನು ಆ ಸದ್ದನ್ನೇ ನಂಬಿ ಇಳಿದೆ. ಮೊದಲ ತಿರುವಿನಲ್ಲೇ ಬಲಗಾಲು ಕಳಚಿತು. ಲೀಶ್ ಇದ್ದಿದ್ದರಿಂದ ಸ್ಕೀ ಉಳಿಯಿತು. ತಪ್ಪು ನನ್ನದೇ. ಈಗ ಪ್ರತಿ ಸಲ ಚಿಕ್ಕ ಕಡ್ಡಿಯಿಂದ ಸ್ಪ್ರಿಂಗ್ ಅಡಿಗೆ ಕೆರೆದು, ಬೂಟಿನ ತೂತಲ್ಲಿರುವ ಹಿಮ ತೆಗೆದು, ಲಾಕ್ ಹಾಕಿಕೊಂಡು ಕಾಲನ್ನು ನಾಲ್ಕೈದು ಸಲ ಹಿಂದೆಮುಂದೆ ಆಡಿಸಿ, ಆಮೇಲೆ ಲಾಕ್ ಬಿಡುತ್ತೇನೆ.

ಬೂಟಿನ ವಿಷಯ ಚಿಕ್ಕದು, ಆದರೆ ಅದೇ ಮೊದಲ ಪ್ರಶ್ನೆ ಆಗಬೇಕು. ಮೂತಿಯಲ್ಲಿ ಮತ್ತು ಹಿಮ್ಮಡಿಯಲ್ಲಿ ಪಿನ್ ಕೂರಲು ಉಕ್ಕಿನ ತೂತುಗಳು ಇರುವ ಟೂರಿಂಗ್ ಬೂಟೇ ಬೇಕು. ಮಾಮೂಲಿ ಸ್ಕೀ ಬೂಟು ಇದರಲ್ಲಿ ಕೂರುವುದೇ ಇಲ್ಲ.

ಇದಕ್ಕಿಂತ ಹಗುರ ಬೇಕಾ? ರೇಸಿನವು 150 ಗ್ರಾಂಗೂ ಕಡಿಮೆ ಇವೆ. ಆದರೆ ಅವುಗಳಲ್ಲಿ ಎಷ್ಟೋ ಬೈಂಡಿಂಗ್‌ಗಳ ಬಿಡುಗಡೆ ಅಂಕ ಬದಲಿಸಲು ಬರುವುದಿಲ್ಲ. ವರ್ಷಕ್ಕೆ ಹತ್ತು ದಿನ ಹೋಗುವ ನಮಗೆ ಅದು ಬೇಡ. ಹತ್ತುವುದು ಕಡಿಮೆ, ಜೋರಾಗಿ ಇಳಿಯುವುದೇ ಜಾಸ್ತಿ ಅನ್ನುವವರು ಸಾಲೊಮನ್ ಶಿಫ್ಟ್ ಥರದ್ದು ನೋಡಬಹುದು. ಹತ್ತಲು ಪಿನ್, ಇಳಿಯಲು ಮಾಮೂಲಿ ಬೈಂಡಿಂಗ್‌ನ ಹಿಡಿತ, ಬ್ರೇಕೂ ಇದೆ. ತೂಕ 900 ಗ್ರಾಂ ಹತ್ತಿರ.

ಸ್ಕೀಗೆ ಕೂರಿಸುವ ಕೆಲಸ ನಾನೇ ಮಾಡಿದೆ. ಕಾಗದದ ಅಚ್ಚು ಅಂಟಿಸಿ, ನಡುಗೆರೆ ಎಳೆದು, ಎರಡು ಸಲ ಅಳೆದೆ. ಮುಂದಿನದು ಒಂದು ಮಿಲಿಮೀಟರ್ ಓರೆಯಾದರೂ ಹಿಮ್ಮಡಿ ಹಿಂದಿನ ಪಿನ್‌ಗೆ ನೇರವಾಗಿ ಬರುವುದಿಲ್ಲ. ಒಳಗೆ ಲೋಹದ ಪದರ ಇರುವ ಸ್ಕೀಗೆ 4.1 ಮಿಲಿಮೀಟರ್ ಡ್ರಿಲ್ ಬಿಟ್, 9 ಮಿಲಿಮೀಟರ್ ಆಳ. ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ, ಆಳ ಜಾಸ್ತಿಯಾದರೆ ಸ್ಕೀ ತಳ ಉಬ್ಬುತ್ತದೆ. ನೀರು ಇಳಿಯದಂತೆ ತೂತಿಗೆ ಮರದ ಗೋಂದು ಹಾಕಿ. ಬೂಟಿಗೂ ಹಿಂದಿನ ಗೂಡಿಗೂ ನಡುವೆ 4 ಮಿಲಿಮೀಟರ್ ಸಂದು ಬಿಡಬೇಕು.

ಸ್ಕ್ರೂಗಳು ಪೋಜಿಡ್ರೈವ್ ತಲೆಯವು. ನಮ್ಮಲ್ಲಿ ಸಿಗುವ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆಯುತ್ತದೆ. 3ನೇ ಸೈಜಿನ ಪೋಜಿಡ್ರೈವ್ ಬಿಟ್ ಒಂದನ್ನು ಬೇರೆ ತರಿಸಿ, ಬೆಟ್ಟಕ್ಕೆ ಹೋಗುವಾಗ ಜೇಬಲ್ಲೇ ಇಟ್ಟುಕೊಳ್ಳಿ. ನಾನು ಪ್ರತಿ ಸಂಜೆ ಎಲ್ಲ ಸ್ಕ್ರೂಗಳನ್ನೂ ಮುಟ್ಟಿ ನೋಡಿಯೇ ಮಲಗುವುದು.