ಬಾಡಿ ಫ್ಯಾಟ್ ತೋರಿಸುವ ತೂಕದ ಮಷಿನ್: ಆರು ತಿಂಗಳ ಅನುಭವ

ನನಗೀಗ 49. ಮುಟ್ಟು ನಿಂತು ಒಂದೂವರೆ ವರ್ಷ ಆಯಿತು. ಊಟ ಅದೇ, ಎರಡು ರೊಟ್ಟಿ, ಪಲ್ಯ, ಒಂದಿಷ್ಟು ಅನ್ನ ಸಾರು. ಧಾರವಾಡದ ಕೆಸಿಡಿ ಮೈದಾನದ ವಾಕಿಂಗೂ ಬಿಟ್ಟಿಲ್ಲ, ಆದರೂ ಹೊಟ್ಟೆ ಮಾತ್ರ ಹೇಳದೆ ಕೇಳದೆ ಮುಂದೆ ಬಂತು. ಅದಕ್ಕೇ 1,400 ರೂಪಾಯಿ ಕೊಟ್ಟು ಈ ಮಷಿನ್ ತಂದೆ. ಕಂಪನಿ ಹೆಸರು ಬೇಡ.

ಮೊದಲ ದಿನ ನವಲಗುಂದ ಜಮಖಾನೆ ಮೇಲೇ ಇಟ್ಟು ಹತ್ತಿದೆ, ಮೂರು ಸಲಕ್ಕೆ ಮೂರು ತೂಕ! ಅಡುಗೆಮನೆ ಫರ್ಸಿ ಮೇಲಿಟ್ಟಾಗ ಸರಿಹೋಯಿತು. ಮೆತ್ತನೆ ಜಾಗ ಇದಕ್ಕೆ ಆಗುವುದಿಲ್ಲ, ತಪ್ಪು ನನ್ನದೇ.

ಕೆಜಿ ವಿಷಯದಲ್ಲಿ ದೂರಿಲ್ಲ. 63.8 ತೋರಿಸಿತು. ನಾಲ್ಕು ವರ್ಷದ ಹಿಂದಿನ ಚೆಕಪ್ ಚೀಟಿಯಲ್ಲಿ 61.4 ಇತ್ತು. ಎರಡೂವರೆ ಕೆಜಿನೂ ಇಲ್ಲ, ಅಷ್ಟಕ್ಕೇ ಹಳೆ ಚೂಡಿದಾರ್ ಒಂದೂ ಹಿಡಿಸದ ಹಾಗೆ ಆಗುತ್ತಾ?

ಇನ್ನು ಬಾಡಿ ಫ್ಯಾಟ್, ಅಂದರೆ ಮೈತೂಕದಲ್ಲಿ ಕೊಬ್ಬು ಶೇಕಡಾ ಎಷ್ಟು ಅನ್ನೋದು. ಕಾಲಿನ ಕೆಳಗಿನ ಲೋಹದ ಪಟ್ಟಿಯಿಂದ ಸಣ್ಣ ಕರೆಂಟ್ ಹರಿಸಿ, ಮೈಯಲ್ಲಿ ಅದಕ್ಕೆ ಎಷ್ಟು ಅಡ್ಡಿಯಾಯಿತು ಅಂತ ನೋಡಿ, ನಾವು ಕೊಟ್ಟ ವಯಸ್ಸು ಎತ್ತರ ಸೇರಿಸಿ ಲೆಕ್ಕ ಹಾಕುತ್ತದೆ, ಅಂದರೆ ಅಂದಾಜು. ಮೈಯಲ್ಲಿ ನೀರು ಹೆಚ್ಚುಕಡಿಮೆ ಆದರೆ ಅಂಕಿನೂ ಬದಲು. ನನಗೆ ಬೆಳಿಗ್ಗೆ 36, ಸ್ನಾನ ಮಾಡಿ ಬಂದರೆ 33. ಮೊಬೈಲ್ ಆ್ಯಪ್ ಬೇರೆ ನನ್ನ ‘ಮೆಟಬಾಲಿಕ್ ಏಜ್’ (ಮೈ ಎಷ್ಟು ವಯಸ್ಸಿನವರ ಹಾಗಿದೆ ಅನ್ನೋ ಅದರ ಲೆಕ್ಕ) 58 ಅಂದಿತು, ಸುಮ್ನೆ ಕೂತಲ್ಲೇ ನಮ್ಮ ನಾದಿನಿಗಿಂತ ದೊಡ್ಡವಳಾದೆ. ಆಮೇಲೆ ದುಡ್ಡು ಕಟ್ಟಿದರೆ ಡಯಟ್ ಹೇಳ್ತೀನಿ ಅಂತ ದಿನಾ ಮೆಸೇಜು. (ಪೇಸ್‌ಮೇಕರ್ ಇದ್ದವರು ಇದರ ಮೇಲೆ ಹತ್ತಬಾರದು.)

ನಿಜವಾದ ಉತ್ತರ ಸಿಕ್ಕಿದ್ದು ನಮ್ಮ ಓಣಿಯ ಟೇಲರ್ ಹತ್ತಿರ. ಆಕೆ ಹಳೆ ಅಳತೆ ಪುಸ್ತಕ ತೆಗೆದು, ಹೊಸದಾಗಿ ಟೇಪ್ ಹಿಡಿದು, "ಅಕ್ಕಾರ, ತೋಳು, ಹಿಪ್ಪು ಹಂಗ ಅದಾವ ನೋಡ್ರಿ, ನಡುವ ಅಷ್ಟ ಮೂರು ಇಂಚು ಬೆಳದೈತಿ" ಅಂದಳು. 32 ಇದ್ದದ್ದು 35.

ಡಾಕ್ಟರ್ ಹತ್ತಿರ ಮೆಷಿನ್ ಅಂಕಿ ಹೇಳಿದರೆ ತಲೆ ಎತ್ತಲಿಲ್ಲ, ಈ ಮೂರು ಇಂಚು ಹೇಳಿದ ಮೇಲೆ ಪೆನ್ನು ತಗೊಂಡರು. ಮುಟ್ಟು ನಿಂತು ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಕಮ್ಮಿ ಆದ ಮೇಲೆ ತೊಡೆಗೆ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಸೇರುತ್ತದಂತೆ. ವಯಸ್ಸಿನ ಜೊತೆ ಮಾಂಸಖಂಡನೂ ಕರಗುತ್ತದೆ. ಒಂದು ಕಡೆ ಅದು ಇಳಿದು ಇನ್ನೊಂದು ಕಡೆ ಕೊಬ್ಬು ಏರಿದರೆ ತೂಕದ ಮುಳ್ಳಿಗೆ ಏನು ಗೊತ್ತಾಗಬೇಕು, ಅಲ್ವಾ? ನಮ್ಮ ದೇಶದ ಹೆಂಗಸರಿಗೆ ನಡುವಿನ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಭಯ ಜಾಸ್ತಿ. ಅದು ಹತ್ತಿರಹತ್ತಿರ ಮೂವತ್ತೊಂದೂವರೆ ಇಂಚು, ಅಂದರೆ ನಾನು ಮೊದಲೇ ದಾಟಿದ್ದೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಸರಿ ಇತ್ತು. ಬರೀ ವಾಕಿಂಗ್ ಸಾಲದು, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿ, ಕಾಳು ಬೇಳೆ ಜಾಸ್ತಿ ತಿನ್ನಿ ಅಂದರು. ಮಾಡ್ತಿದ್ದೇನೆ. ತೂಕ 63.5, ನಡು 34.

ಕೆಜಿ ಮಾತ್ರ ಸಾಕು ಅಂದರೆ ಇದಕ್ಕಿಂತ ಅಗ್ಗದ ಸಾದಾ ಮಷಿನ್ ತಗೊಳ್ಳಿ, ಜೊತೆಗೊಂದು ಟೇಪು. ನನ್ನದಕ್ಕೆ ಐದಕ್ಕೆ ಎರಡು ಸ್ಟಾರ್. ಆ ಎರಡೂ ಮೊನ್ನೆ ಗ್ಯಾಸ್ ಬಂದಾಗ ಸಿಕ್ಕವು: ಸಿಲಿಂಡರ್ ಇಟ್ಟು, ಮೇಲೆ ಬರೆದ ಖಾಲಿ ತೂಕ ಕಳೆದರೆ ಸರಿಯಾಗಿ 14.2.